ಕೊನೆಯ ಕೋಣೆಗೂ ಸಿಗ್ನಲ್: ಮನೆಯೊಳಗಿನ ವೈಫೈ ಬಗ್ಗೆ ಕೆಲವು ಮಾತು

(ಸಮ್ಮೇಳನದಲ್ಲಿ ಮಾಡಿದ ಆಶಯ ಭಾಷಣದ ಬರಹ ರೂಪ)



ಆಶಯ ಭಾಷಣ ಎಂದ ಕೂಡಲೇ ನಾಡು, ನುಡಿ, ಸಂಸ್ಕೃತಿಯ ಮಾತು ಬರಬೇಕೆಂಬ ನಿರೀಕ್ಷೆ ಇರುತ್ತದೆ. ನಾನು ಮಾತನಾಡಲು ಬಂದಿರುವುದು ಮನೆಯ ವೈಫೈ ಬಗ್ಗೆ. ವಿಷಯ ಸಣ್ಣದು ಎಂದು ಯಾರಿಗಾದರೂ ಅನ್ನಿಸಿದರೆ ಒಂದು ಲೆಕ್ಕ ಹಾಕಿ ನೋಡಿ. ಊರಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಕೆಲಸ ಮುಗಿಸಿ, ಕಂಪನಿ ಬಸ್ಸಿನಲ್ಲಿ ಬಂದು, ಸ್ನಾನ ಮಾಡಿ ಫೋನ್ ಹಿಡಿಯುವಾಗ ಇಲ್ಲಿ ಆರೂವರೆ, ಊರಿನಲ್ಲಿ ಒಂಬತ್ತು. ಒಂಬತ್ತೂವರೆಗೆ ಅಮ್ಮ ಮಲಗುತ್ತಾರೆ, ಮಕ್ಕಳಿಗೂ ನಿದ್ದೆ ಬಂದಿರುತ್ತದೆ. ನಮಗೆ ದಿನಕ್ಕೆ ಸಿಗುವುದು ಆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಮಗಳ ಮುಖ ಅರ್ಧಕ್ಕೆ ನಿಂತುಹೋಗಿ, "ಹಲೋ, ಕೇಳ್ತಾ ಇದೆಯಾ? ಹಲೋ" ಎನ್ನುವುದರಲ್ಲೇ ಹದಿನೈದು ನಿಮಿಷ ಕಳೆದರೆ ಉಳಿಯುವುದೇನು? ಇಲ್ಲೇ ಹುಟ್ಟಿ ಬೆಳೆಯುವ ನಮ್ಮ ಮಕ್ಕಳು ಅಜ್ಜಿಯ ಬಾಯಿಂದ ಕನ್ನಡ, ತುಳು, ಕೊಂಕಣಿ, ಬ್ಯಾರಿ ಕೇಳುವುದೂ ಅದೇ ದಾರಿಯಲ್ಲಿ. ಹಾಗಾಗಿ ನುಡಿಯ ಪ್ರಶ್ನೆ ಇದರಲ್ಲೂ ಇದೆ.

ಇನ್ನೊಂದು ಕಾರಣ ದುಡ್ಡು. ವೈಫೈ ಸರಿ ಇಲ್ಲ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ದೊಡ್ಡ ಪ್ಯಾಕೇಜಿಗೆ ಹೋಗುವುದು. ಬಹಳಷ್ಟು ಮನೆಗಳಲ್ಲಿ ಅದು ವ್ಯರ್ಥ ಖರ್ಚು. ಒಂದು ವಿಡಿಯೊ ಕರೆಗೆ ಬೇಕಾಗುವುದು ಸೆಕೆಂಡಿಗೆ 1ರಿಂದ 4 ಮೆಗಾಬಿಟ್. ಟಿವಿಯಲ್ಲಿ ಸ್ಪಷ್ಟವಾಗಿ ಸಿನಿಮಾ ನೋಡಲು 5 ಮೆಗಾಬಿಟ್ ಸಾಕು. 100 ಮೆಗಾಬಿಟ್ಟಿನ ಸಂಪರ್ಕ ಇದ್ದೂ ಮಲಗುವ ಕೋಣೆಯಲ್ಲಿ ಕರೆ ಕಡಿಯುತ್ತದೆ ಎಂದರೆ ಕೊರತೆ ಪ್ಯಾಕೇಜಿನದ್ದಲ್ಲ. ಟ್ಯಾಂಕಿಯಲ್ಲಿ ನೀರು ತುಂಬಿದೆ, ಅಡುಗೆಮನೆಯ ನಲ್ಲಿಗೆ ಬರುತ್ತಿಲ್ಲ ಅಷ್ಟೆ. ಅದಕ್ಕೆ ಇನ್ನೂ ದೊಡ್ಡ ಟ್ಯಾಂಕಿ ಕಟ್ಟಿಸಿ ಪ್ರಯೋಜನವಿಲ್ಲ.

ದೋಷ ಎಲ್ಲಿದೆ?

ಔಷಧಿಗೆ ಮೊದಲು ರೋಗ ತಿಳಿಯಬೇಕು. ಊರಿನಿಂದ ನಿಮ್ಮ ಫೋನಿಗೆ ಮಾತು ಬರುವ ದಾರಿಯಲ್ಲಿ ಮೂರು ತುಂಡುಗಳಿವೆ: ಸಮುದ್ರ, ಬೀದಿ, ಮನೆ.

ಪರೀಕ್ಷೆ ಸುಲಭ. ರೂಟರ್ ಇರುವ ಕೋಣೆಯಲ್ಲೇ, ಅದರಿಂದ ಎರಡು ಮೀಟರ್ ದೂರದಲ್ಲಿ ನಿಂತು ಫೋನಿನಲ್ಲಿ ವೇಗ ಪರೀಕ್ಷೆ ಮಾಡಿ. ಆಮೇಲೆ ನೀವು ಮಾತನಾಡುವ ಜಾಗಕ್ಕೆ, ಅಂದರೆ ನಿಮ್ಮ ಮಂಚಕ್ಕೆ ಹೋಗಿ ಅದನ್ನೇ ಮಾಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮಾಡಿ ಚೀಟಿಯಲ್ಲಿ ಬರೆದಿಡಿ. ರೂಟರಿನ ಪಕ್ಕದಲ್ಲಿ 90 ಬಂದು ಮಂಚದಲ್ಲಿ 4 ಬಂದರೆ ದೋಷ ಮನೆಯೊಳಗಿದೆ. ಇವತ್ತಿನ ನನ್ನ ಮಾತು ನಿಮಗಾಗಿಯೇ. ರೂಟರಿನ ಪಕ್ಕದಲ್ಲೂ 4 ಬಂದರೆ ದೋಷ ಬೀದಿಯ ಕಡೆಗಿದೆ. ಆಗ ಸಂಪರ್ಕ ಕೊಟ್ಟ ಕಂಪನಿಗೆ ದೂರು ಕೊಡಿ. ಬಹರೈನಿನಲ್ಲಿ 2002ರ ದೂರಸಂಪರ್ಕ ಕಾನೂನಿನಡಿ ಬಂದ ನಿಯಂತ್ರಣ ಪ್ರಾಧಿಕಾರವೊಂದಿದೆ. ಕಂಪನಿ ಸರಿಯಾದ ಉತ್ತರ ಕೊಡದಿದ್ದರೆ ಬಳಕೆದಾರರು ಅಲ್ಲಿಗೆ ದೂರು ಒಯ್ಯಬಹುದು. ನಿಮ್ಮ ಚೀಟಿಯಲ್ಲಿರುವ ದಿನಾಂಕ, ಸಮಯ, ವೇಗ ಆಗ ಸಾಕ್ಷಿಯಾಗುತ್ತದೆ.

ಮೂರನೆಯದು ಸಮುದ್ರ. ಮನೆಯೆಲ್ಲ ಒಳ್ಳೆಯ ವೇಗ ತೋರಿಸುತ್ತದೆ, ಆದರೆ ಊರಿನ ಕರೆ ಮಾತ್ರ ಕಡಿಯುತ್ತದೆ. ಪಕ್ಕದ ಮನೆಯವರಿಗೂ ಹಾಗೇ, ಸಿತ್ರಾದ ಸ್ನೇಹಿತನಿಗೂ ಹಾಗೇ. ಆಗ ರೂಟರನ್ನು ಬೈಯಬೇಡಿ. ಕೊಲ್ಲಿಯ ದೇಶಗಳನ್ನು ಮುಂಬಯಿಗೆ ಜೋಡಿಸುವ ಫಾಲ್ಕನ್ ಎಂಬ ಕೇಬಲ್ ಸಮುದ್ರದ ತಳದಲ್ಲಿದೆ, ಅದು ಬಹರೈನಿಗೂ ಬರುತ್ತದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ತುಂಡಾದವು. ಎರಡು ದಿನ ಕಳೆದು ದುಬೈ ಬಳಿ ಫಾಲ್ಕನ್ ಕೂಡ ತುಂಡಾಯಿತು. ಆಗ ಇಲ್ಲಿದ್ದ ಹಿರಿಯರಿಗೆ ಆ ದಿನಗಳು ನೆನಪಿರಬಹುದು. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ, ಜೆಡ್ಡಾ ಹತ್ತಿರ, ಮತ್ತೆ ಕೇಬಲ್‌ಗಳು ಕಡಿದವು. ಅಂಥ ಹೊತ್ತಿನಲ್ಲಿ ಚಿತ್ರ ಬಿಟ್ಟು ಬರೀ ಧ್ವನಿಯಲ್ಲಿ ಮಾತನಾಡಿ, ಹಡಗಿನವರು ದುರಸ್ತಿ ಮಾಡುವ ತನಕ ಕಾಯುವುದೊಂದೇ ದಾರಿ.

ಸಿಗ್ನಲ್ ಎಲ್ಲಿ ಹೋಗುತ್ತದೆ?

ಈಗ ಮನೆಯೊಳಗೆ ಬರೋಣ. ನನ್ನ ಉದ್ಯೋಗವೇ ಕಟ್ಟಡಗಳಲ್ಲಿ ನೆಟ್‌ವರ್ಕ್ ಎಳೆಯುವುದು. ಹಾಗಾಗಿ ನಮ್ಮವರ ಮನೆಗಳನ್ನು ಬಹಳ ನೋಡಿದ್ದೇನೆ. ಒಂದು ಮಾದರಿ ಮನೆ ಕಲ್ಪಿಸಿಕೊಳ್ಳಿ. ಗುದೈಬಿಯಾದಲ್ಲಿ ಇಂಥವು ಎಷ್ಟೋ ಇವೆ. ಮುಂಬಾಗಿಲು ತೆರೆದರೆ ಹಾಲ್, ಅಲ್ಲಿಂದ ಉದ್ದದ ಓಣಿಯಂಥ ಪ್ಯಾಸೇಜ್, ಅದರ ಬದಿಗೆ ಮೂರು ಕೋಣೆ. ಏಳು ಜನ. ಸಂಪರ್ಕ ಕೊಡಲು ಬಂದವರು ಮುಂಬಾಗಿಲ ಹತ್ತಿರ, ಟಿವಿಯ ಹಿಂದೆ, ರೂಟರ್ ಇಟ್ಟು ಹೋಗಿದ್ದಾರೆ. ಅವರಿಗೆ ಅದು ಕೇಬಲ್ ಎಳೆಯಲು ಅತಿ ಸುಲಭದ ಜಾಗ. ಕೊನೆಯ ಕೋಣೆಯಲ್ಲಿ ಇರುವುದು ಯಾರು? ಕೊನೆಗೆ ಬಂದವನು. ಹಳಬರು ಒಳ್ಳೆಯ ಕೋಣೆ ಹಿಡಿದಿರುತ್ತಾರೆ. ಮೊನ್ನೆ ಮೊನ್ನೆ ಕುಂದಾಪುರದಿಂದ ಬಂದ ಹುಡುಗನಿಗೆ ಮೂಲೆಯ ಮಂಚ. ಮನೆಯ ನೆನಪು ಯಾರಿಗೆ ಹೆಚ್ಚೋ ಅವನಿಗೇ ಸಿಗ್ನಲ್ ಕಡಿಮೆ.

ಸಿಗ್ನಲ್ಲಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದು ಮೈನಸ್ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಬಹಳ ಚೆನ್ನ. ವಿಡಿಯೊ ಕರೆ ನೆಮ್ಮದಿಯಿಂದ ನಡೆಯಲು ಮೈನಸ್ 67ರ ಆಸುಪಾಸು ಬೇಕು. ಮೈನಸ್ 80ಕ್ಕೆ ಇಳಿದರೆ ಕರೆ ಕಡಿಯುತ್ತದೆ. ಇಲ್ಲಿ ಮೂರು ಇಳಿದರೆ ಬಲ ಅರ್ಧ, ಹತ್ತು ಇಳಿದರೆ ಹತ್ತನೇ ಒಂದು ಪಾಲು. ಆಂಡ್ರಾಯ್ಡ್ ಫೋನಿನಲ್ಲಿ ಇದನ್ನು ತೋರಿಸುವ ವೈಫೈ ಅನಲೈಸರ್ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಐಫೋನ್ ಇದ್ದವರು ಆಪಲ್‌ನ ಏರ್‌ಪೋರ್ಟ್ ಯುಟಿಲಿಟಿಯಲ್ಲಿ ವೈಫೈ ಸ್ಕ್ಯಾನರ್ ಆನ್ ಮಾಡಿ ನೋಡಬಹುದು.

ನಮ್ಮ ಮಾದರಿ ಮನೆಯ ಲೆಕ್ಕ ಮಾಡೋಣ. ರೂಟರಿನಿಂದ 3 ಮೀಟರ್ ದೂರದಲ್ಲಿ ಮೈನಸ್ 40 ಇದೆ ಎನ್ನಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 6 ಮೀಟರಿಗೆ ಮೈನಸ್ 46, 12 ಮೀಟರಿಗೆ ಮೈನಸ್ 52. ಅಂದರೆ ಬರೀ ದೂರದಿಂದ ಮೂಲೆಯ ಹುಡುಗನಿಗೆ ದೊಡ್ಡ ತೊಂದರೆಯಿಲ್ಲ. ತೊಂದರೆ ಗೋಡೆಯದ್ದು. ಸಿಮೆಂಟ್ ಬ್ಲಾಕಿನ ಒಂದು ಗೋಡೆ 8 ಡೆಸಿಬೆಲ್ ನುಂಗುತ್ತದೆ ಎಂದು ಹಿಡಿದರೆ ಎರಡು ಗೋಡೆಗೆ ಮೈನಸ್ 68. ನಡುವೆ ಕಾಂಕ್ರೀಟ್ ಕಂಬವೋ ಕಬ್ಬಿಣದ ಕಪಾಟೋ ಬಂದು ಇನ್ನೊಂದು 12 ತಿಂದರೆ ಮೈನಸ್ 80. ಕರೆ ಕಡಿಯಿತು.

ಯಾವುದು ಎಷ್ಟು ನುಂಗುತ್ತದೆ? ಜಿಪ್ಸಂ ಹಲಗೆಯ ಪಾರ್ಟಿಶನ್ ಸ್ವಲ್ಪವೇ, ಮೂರು ನಾಲ್ಕು ಡೆಸಿಬೆಲ್. ಬ್ಲಾಕ್ ಗೋಡೆ ಅದಕ್ಕಿಂತ ಹೆಚ್ಚು. ಒಳಗೆ ಕಬ್ಬಿಣದ ಸರಳಿರುವ ಕಾಂಕ್ರೀಟ್ ಇನ್ನೂ ಹೆಚ್ಚು. ಲೋಹ ಸಿಗ್ನಲ್ಲನ್ನು ದಾಟಲು ಬಿಡದೆ ಹಿಂದಕ್ಕೆ ಎಸೆಯುತ್ತದೆ. ಕನ್ನಡಿಯ ಹಿಂದಿನ ಲೇಪವೂ ಲೋಹವೇ. ಇಲ್ಲಿಯ ಬಿಸಿಲಿಗೆ ಕಿಟಕಿಗಳಿಗೆ ಹಾಕುವ, ಶಾಖ ತಡೆಯುವ ಹೊಳೆಯುವ ಗಾಜಿನಲ್ಲೂ ಲೋಹದ ತೆಳು ಪದರ ಇರುತ್ತದೆ. ನೀರು ಸಿಗ್ನಲ್ಲನ್ನು ಹೀರಿಕೊಳ್ಳುತ್ತದೆ. ಓಣಿಯಲ್ಲಿ ಸಾಲಾಗಿ ಜೋಡಿಸಿಟ್ಟ ಕುಡಿಯುವ ನೀರಿನ ದೊಡ್ಡ ಬಾಟಲಿಗಳು ಸಿಗ್ನಲ್ಲಿಗೆ ಒಂದು ಗೋಡೆಯೇ. ಕ್ಯಾಂಪುಗಳಲ್ಲಿ ಒಂದರ ಮೇಲೊಂದು ಇರುವ ಕಬ್ಬಿಣದ ಮಂಚಗಳನ್ನು ನೋಡಿ. ಕೆಳಗಿನ ಮಂಚದಲ್ಲಿ ಮಲಗಿದವನ ಸುತ್ತ ನಾಲ್ಕು ಕಡೆ ಲೋಹ. ಅದೇ ಫೋನನ್ನು ಮಂಚದಿಂದ ಒಂದು ಮೀಟರ್ ಈಚೆ ಹಿಡಿದರೆ ಸಿಗ್ನಲ್ ಏರುವುದುಂಟು.

ಇನ್ನೊಂದು ಮಾತು ಗಮನಿಸಿ. ಹೆಚ್ಚು ಶಕ್ತಿಯ, ಎಂಟು ಕೊಂಬಿನ ರೂಟರ್ ತಂದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆ ಇದೆ. ವೈಫೈ ರೇಡಿಯೊ ಪ್ರಸಾರದ ಹಾಗೆ ಏಕಮುಖವಲ್ಲ. ಅದು ಎರಡು ಕಡೆಯ ಮಾತು. ರೂಟರ್ ಎಷ್ಟು ಗಟ್ಟಿಯಾಗಿ ಕೂಗಿದರೂ ನಿಮ್ಮ ಫೋನಿನ ಸಣ್ಣ ಗಂಟಲು ಅಷ್ಟು ದೂರ ಉತ್ತರ ಕೊಡಲಾರದು. ಫೋನಿನಲ್ಲಿ ಕಡ್ಡಿ ತುಂಬಿ ಕಾಣುತ್ತದೆ, ಆದರೆ ನಿಮ್ಮ ಮುಖ ಊರಿನವರಿಗೆ ಕಾಣುವುದಿಲ್ಲ. ಹಾಗಾಗಿ ಮಾಡಬೇಕಾದದ್ದು ಕೂಗನ್ನು ಹೆಚ್ಚಿಸುವುದಲ್ಲ, ರೂಟರನ್ನು ಹತ್ತಿರ ತರುವುದು.

ಎರಡು ಬ್ಯಾಂಡಿನ ಸ್ವಭಾವ

ಈಗಿನ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಂಡ್: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ವೈಫೈ ಹೆಸರಿನ ಕೊನೆಯಲ್ಲಿ "5ಜಿ" ಎಂದು ಕಂಡರೆ ಅದು ಮೊಬೈಲಿನ 5ಜಿ ಅಲ್ಲ, ಈ 5 ಗಿಗಾಹರ್ಟ್ಸ್. ಪಕ್ಕದ ಮನೆಯಲ್ಲಿ ಹಾಡು ಜೋರಾಗಿ ಹಾಕಿದರೆ ಗೋಡೆಯಾಚೆ ನಮಗೆ ಕೇಳುವುದು ಬರೀ "ದುಂ ದುಂ". ಹಾಡಿನ ಸಾಹಿತ್ಯ ಕೇಳುವುದಿಲ್ಲ. ಕೆಳದನಿ ಗೋಡೆ ದಾಟುತ್ತದೆ, ಮೇಲುದನಿ ದಾಟುವುದಿಲ್ಲ. ಇದೂ ಹಾಗೆಯೇ. 2.4 ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ, ಆದರೆ ವೇಗ ಕಡಿಮೆ. 5 ವೇಗದ್ದು, ಆದರೆ ಗೋಡೆಗೆ ಸೋಲುತ್ತದೆ.

ಹಾಗಾದರೆ ದೂರದ ಕೋಣೆಗೆ 2.4 ಸಾಕಲ್ಲವೇ? ಒಂಟಿ ಮನೆಯಲ್ಲಾದರೆ ಸಾಕು. ಮನಾಮದ ಕಟ್ಟಡಗಳಲ್ಲಿ ಅಲ್ಲ. ನಿಮ್ಮ ಫೋನಿನಲ್ಲಿ ವೈಫೈ ಪಟ್ಟಿ ತೆರೆದರೆ ಮೇಲಿನ, ಕೆಳಗಿನ, ಎದುರಿನ ಮನೆಗಳ ಎಷ್ಟು ಹೆಸರು ಬರುತ್ತವೆ ಎಣಿಸಿ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ ಮೂರು: 1, 6 ಮತ್ತು 11. ಇಡೀ ಕಟ್ಟಡ ಆ ಮೂರು ಓಣಿಗಳಲ್ಲಿ ನುಗ್ಗಬೇಕು. ಮೈಕ್ರೊವೇವ್ ಒಲೆಯೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ ಚಪಾತಿ ಬಿಸಿ ಮಾಡುವಾಗ ಕರೆ ಕಡಿಯುವುದೂ ಸುಳ್ಳಲ್ಲ. 5ರಲ್ಲಿ ಓಣಿಗಳು ಬಹಳ. ಅದು ಗೋಡೆ ದಾಟದಿರುವುದೇ ಇಲ್ಲಿ ವರವಾಗುತ್ತದೆ, ಪಕ್ಕದ ಮನೆಯ ಗದ್ದಲ ನಿಮ್ಮಲ್ಲಿಗೆ ಬರುವುದಿಲ್ಲ. ಆದ್ದರಿಂದ ನಮ್ಮಂಥ ಕಟ್ಟಡಗಳಿಗೆ ಸೂತ್ರ ಇದು: ಕರೆಗೆ 5, ಅದು ತಲುಪದ ಮೂಲೆಗೆ ಮಾತ್ರ 2.4. ರೂಟರಿನ ಸೆಟ್ಟಿಂಗಿನಲ್ಲಿ 2.4ರ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. 1, 6, 11ರಲ್ಲಿ ಯಾವುದು ಖಾಲಿ ಇದೆಯೋ ಅದನ್ನು ಆರಿಸಿ.

ಒಂದೇ ಮೈಕು, ಏಳು ಜನ

ಈಗ ಈ ಭಾಷಣದ ಮುಖ್ಯ ಮಾತಿಗೆ ಬರುತ್ತೇನೆ. ಹಾಲಿನಲ್ಲಿರುವವರು, "ನಮಗೆ ಚೆನ್ನಾಗಿ ಬರುತ್ತದೆ, ಮೂಲೆಯವನ ಸಮಸ್ಯೆ ಮೂಲೆಯವನಿಗೆ" ಎನ್ನುವುದುಂಟು. ತಾಂತ್ರಿಕವಾಗಿಯೇ ಅದು ತಪ್ಪು.

ವೈಫೈ ಈ ಸಭೆಯ ಮೈಕಿನ ಹಾಗೆ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬಹುದು, ಉಳಿದವರು ಕಾಯಬೇಕು. ಹತ್ತಿರವಿರುವ ಫೋನ್ ಸೆಕೆಂಡಿಗೆ 300 ಮೆಗಾಬಿಟ್ ವೇಗದಲ್ಲಿ ಮಾತನಾಡುತ್ತದೆ ಎನ್ನಿ. ಒಂದು ಮೆಗಾಬಿಟ್ ಕಳಿಸಲು ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ಸುಮಾರು 3 ಪಾಲು ಸಾಕು. ಮೂಲೆಯಲ್ಲಿರುವ ಫೋನ್ ಸಿಗ್ನಲ್ ಸಾಲದೆ 6 ಮೆಗಾಬಿಟ್ಟಿಗೆ ಇಳಿದಿದೆ. ಅದೇ ಒಂದು ಮೆಗಾಬಿಟ್ಟಿಗೆ ಅದು ಸಾವಿರದಲ್ಲಿ 167 ಪಾಲು ಹೊತ್ತು ಮೈಕು ಹಿಡಿಯುತ್ತದೆ. ಐವತ್ತು ಪಟ್ಟು. ಅಷ್ಟು ಹೊತ್ತು ಹಾಲಿನ ಫೋನೂ ಸುಮ್ಮನೆ ಕಾಯುತ್ತದೆ. ತೊದಲುವವನ ಕೈಯಲ್ಲಿ ಮೈಕು ಇದ್ದರೆ ಇಡೀ ಸಭೆ ತಡವಾಗುತ್ತದೆ, ಆದರೆ ತಪ್ಪು ಅವನದ್ದಲ್ಲ. ಮೂಲೆಯ ಹುಡುಗನಿಗೆ ಸಿಗ್ನಲ್ ಸರಿಮಾಡಿಕೊಟ್ಟರೆ ಏಳು ಜನಕ್ಕೂ ವೇಗ ಹೆಚ್ಚುತ್ತದೆ. ಆದ್ದರಿಂದ ಅದರ ಖರ್ಚನ್ನೂ ಏಳು ಜನ ಸಮನಾಗಿ ಹಂಚಿಕೊಳ್ಳುವುದು ನ್ಯಾಯ.

ಇದೇ ಸಾಲಿನಲ್ಲಿ ಇನ್ನೊಂದು ಕಳ್ಳ ಇದ್ದಾನೆ. ಫೋನು ವೈಫೈಗೆ ಸೇರಿದ ಕೂಡಲೇ ದಿನದ ಫೋಟೊ, ವಿಡಿಯೊಗಳನ್ನೆಲ್ಲ ಮೇಲಕ್ಕೆ ಕಳಿಸಲು ಶುರುಮಾಡುತ್ತದೆ. ಮೇಲೆ ಹೋಗುವ ದಾರಿ ಹಲವು ಪ್ಯಾಕೇಜುಗಳಲ್ಲಿ ಕೆಳಗೆ ಬರುವ ದಾರಿಗಿಂತ ಕಿರಿದು. ಸಂಜೆ ಆರೂವರೆಗೆ ಏಳು ಫೋನು ಒಟ್ಟಿಗೆ ಫೋಟೊ ಕಳಿಸಿದರೆ ಆ ದಾರಿ ಕಟ್ಟಿಕೊಳ್ಳುತ್ತದೆ, ಕರೆಯ ಮಾತು ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ಫೋಟೊ ಬ್ಯಾಕಪ್ಪನ್ನು ಮಲಗುವ ಹೊತ್ತಿಗೆ ಆನ್ ಮಾಡುವುದೆಂದು ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಳ್ಳಿ. ಒಂದು ಫಿಲ್ಸ್ ಖರ್ಚಿಲ್ಲ.

ರೂಟರಿಗೆ ಸರಿಯಾದ ಜಾಗ

ಟಿವಿಯ ಹಿಂದೆ, ಕಪಾಟಿನೊಳಗೆ, ನೆಲದ ಮೇಲೆ, ಫ್ರಿಜ್ಜಿನ ಪಕ್ಕ: ಈ ನಾಲ್ಕೂ ಬೇಡ. ಮನೆಯ ನಡುಭಾಗ, ಎದೆಯೆತ್ತರಕ್ಕಿಂತ ಮೇಲೆ, ಸುತ್ತ ಖಾಲಿ ಇರುವ ಜಾಗ ಬೇಕು. ನಮ್ಮ ಮಾದರಿ ಮನೆಯಲ್ಲಿ ಅದು ಪ್ಯಾಸೇಜ್. ಟಿವಿಯ ಹಿಂದಿನ ರೂಟರನ್ನು ಅಲ್ಲಿಗೆ ತಂದರೆ ಮೂಲೆಯ ಕೋಣೆಗೆ ದೂರ 6 ಮೀಟರ್, ಗೋಡೆ ಒಂದೇ. ಲೆಕ್ಕ ಹಾಕಿ: ಮೈನಸ್ 46, ಅದರಿಂದ 8 ಕಳೆದರೆ ಮೈನಸ್ 54. ಹಾಲಿಗೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಮೈನಸ್ 80 ಇದ್ದದ್ದು 54ಕ್ಕೆ ಬಂತು. ಖರ್ಚು ಹತ್ತು ಮೀಟರಿನ ಒಂದು ನೆಟ್‌ವರ್ಕ್ ಕೇಬಲ್. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲ, ನಿಜ. ಬಾಗಿಲಿನ ಸಂದಿಯಲ್ಲಿ ಹೋಗುವ ಚಪ್ಪಟೆ ಕೇಬಲ್ ಸಿಗುತ್ತದೆ. ಗೋಡೆಯ ಬುಡದ ಪಟ್ಟಿಯ ಉದ್ದಕ್ಕೆ ಅಂಟಿಸಿಕೊಂಡು ಹೋಗಬಹುದು.

ರೂಟರಿನ ಕೊಂಬನ್ನು ನೆಟ್ಟಗೆ ನಿಲ್ಲಿಸಿದರೆ ಸಿಗ್ನಲ್ ಹರಡುವ ಆಕಾರ ಉದ್ದಿನ ವಡೆಯಂತಿರುತ್ತದೆ. ಕೊಂಬು ವಡೆಯ ತೂತಿನಲ್ಲಿ ನಿಂತಿರುತ್ತದೆ. ಸುತ್ತಲೂ ಚೆನ್ನಾಗಿ ಹರಡುತ್ತದೆ, ನೇರ ಮೇಲೆ ಮತ್ತು ನೇರ ಕೆಳಗೆ ಕಡಿಮೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇಲ್ಲೂ ನಿಜ. ಒಂದೇ ಅಂತಸ್ತಿನ ಫ್ಲಾಟಿಗೆ ಕೊಂಬು ನೆಟ್ಟಗಿರಲಿ. ಎರಡು ಅಂತಸ್ತಿನ ವಿಲ್ಲಾದಲ್ಲಿ ಒಂದು ಕೊಂಬನ್ನು ಅಡ್ಡ ಮಲಗಿಸಿದರೆ ಮೇಲಿನ ಅಂತಸ್ತಿಗೆ ಅನುಕೂಲ.

ನಮ್ಮಲ್ಲಿ ಬಹಳ ಜನ ಫೈಬರ್ ಇಲ್ಲದೆ, ಸಿಮ್ ಹಾಕುವ 5ಜಿ ರೂಟರ್ ಇಟ್ಟುಕೊಂಡಿದ್ದಾರೆ. ಬ್ಯಾಟೆಲ್ಕೊ, ಝೈನ್, ಎಸ್‌ಟಿಸಿ ಮೂವರೂ ಇಂಥವನ್ನು ಕೊಡುತ್ತಾರೆ. ಮನೆ ಬದಲಾಯಿಸುವವರಿಗೆ ಅದು ಅನುಕೂಲ. ಆದರೆ ಅದರ ಹಣೆಬರಹ ಎರಡು ದೋಣಿಯಲ್ಲಿ ಕಾಲಿಟ್ಟಂತೆ. ಟವರಿನ ಸಿಗ್ನಲ್ ಬೇಕಾದರೆ ಕಿಟಕಿಯ ಪಕ್ಕ ಇರಬೇಕು, ಮನೆಗೆ ಹಂಚಬೇಕಾದರೆ ನಡುವಿನಲ್ಲಿ ಇರಬೇಕು. ಇದಕ್ಕೆ ಪರಿಹಾರ ಕೆಲಸ ಹಂಚುವುದು. 5ಜಿ ರೂಟರ್ ಟವರಿನ ಕಡೆಯ ಕಿಟಕಿಯಲ್ಲೇ ಇರಲಿ. ಅದರಿಂದ ಒಂದು ಕೇಬಲ್ ಎಳೆದು ಮನೆಯ ನಡುವೆ ಇನ್ನೊಂದು ಪೆಟ್ಟಿಗೆ ಇಡಿ. ಕಿಟಕಿಯಲ್ಲಿ ಇಡುವಾಗ ನೇರ ಬಿಸಿಲು ತಾಗದಂತೆ ನೋಡಿಕೊಳ್ಳಿ. ಜುಲೈ ತಿಂಗಳ ಬಿಸಿಲಿನಲ್ಲಿ ಗಾಜಿಗೆ ಅಂಟಿಕೊಂಡ ರೂಟರ್ ಕಾದು, ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ ಅಥವಾ ಆಫ್ ಆಗುತ್ತದೆ.

ದುಡ್ಡು ಹಾಕುವುದಾದರೆ

ಜಾಗ ಬದಲಾಯಿಸಿಯೂ ಸಾಲದಿದ್ದರೆ ಮಾತ್ರ ಅಂಗಡಿಗೆ ಹೋಗಿ. ನಾಲ್ಕು ದಾರಿಗಳಿವೆ, ಒಳ್ಳೆಯದರಿಂದ ಶುರುಮಾಡುತ್ತೇನೆ.

ಮೊದಲನೆಯದು, ಕೇಬಲ್ ಎಳೆದು ಎರಡನೇ ಪೆಟ್ಟಿಗೆ ಇಡುವುದು. ಅದನ್ನು ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ. ಹೊಸದೇ ಬೇಕೆಂದಿಲ್ಲ, ಮೂಲೆಯಲ್ಲಿ ಬಿದ್ದಿರುವ ಹಳೆಯ ರೂಟರ್ ಸಾಕು. ಅದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಒಂದೇ ಗುಂಡಿ. ಇಲ್ಲದಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ಮುಖ್ಯ ರೂಟರಿಗೆ ತಾಗದ ಬೇರೆ ವಿಳಾಸ ಕೊಡಿ, ಎರಡರ ಲ್ಯಾನ್ ಪೋರ್ಟುಗಳನ್ನು ಕೇಬಲ್ಲಿನಿಂದ ಜೋಡಿಸಿ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಬೇರೆ ಇರಲಿ. ಈ ಕೇಬಲ್ 100 ಮೀಟರ್ ತನಕ ಕೆಲಸ ಮಾಡುತ್ತದೆ. ಯಾವ ಫ್ಲಾಟಿಗೂ ಧಾರಾಳ ಸಾಕು.

ಎರಡನೆಯದು ಮೆಶ್. ಎರಡು ಮೂರು ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತನಾಡಿಕೊಂಡು ಇಡೀ ಮನೆಗೆ ಒಂದೇ ವೈಫೈ ಕೊಡುತ್ತವೆ. ಕೇಬಲ್ ಎಳೆಯಲು ಸಾಧ್ಯವೇ ಇಲ್ಲದ ಕುಟುಂಬದ ಮನೆಗಳಿಗೆ ಒಳ್ಳೆಯದು. ಆದರೆ ಎರಡನೇ ಪೆಟ್ಟಿಗೆಯನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡಬೇಡಿ. ನೀರಿಲ್ಲದ ಕಡೆ ಪಂಪು ಇಟ್ಟರೆ ಅದು ಎತ್ತುವುದೇನನ್ನು? ಮುಖ್ಯ ರೂಟರಿಗೂ ಆ ಕೋಣೆಗೂ ನಡುದಾರಿಯಲ್ಲಿ, ಮೈನಸ್ 60ರಿಂದ 65 ಸಿಗುವಲ್ಲಿ ಇಡಿ.

ಮೂರನೆಯದು, ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ ಸಾಗಿಸುವ ಪವರ್‌ಲೈನ್ ಅಡಾಪ್ಟರ್. ಎರಡು ಪ್ಲಗ್ಗುಗಳೂ ಒಂದೇ ಫೇಸಿನಲ್ಲಿದ್ದರೆ ಚೆನ್ನಾಗಿ ನಡೆಯುತ್ತದೆ. ಅದನ್ನು ಗೋಡೆಯ ಪ್ಲಗ್ಗಿಗೇ ಹಾಕಬೇಕು, ಎಕ್ಸ್‌ಟೆನ್ಶನ್ ಬೋರ್ಡಿಗಲ್ಲ. ಸರಿಹೋಗದಿದ್ದರೆ ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಖರೀದಿಸಿ.

ನಾಲ್ಕನೆಯದು, ಎಲ್ಲರೂ ಮೊದಲು ಕೊಳ್ಳುವ ಅಗ್ಗದ ರಿಪೀಟರ್. ಒಂದೇ ರೇಡಿಯೊ ಇರುವ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕು. ಆಗ ಮೈಕಿನ ಸಮಯ ಎರಡು ಪಟ್ಟು ಬೇಕು, ವೇಗ ಅರ್ಧಕ್ಕೆ ಇಳಿಯುತ್ತದೆ. ಒಬ್ಬಿಬ್ಬರ ಧ್ವನಿ ಕರೆಗೆ ಸಾಕು, ಏಳು ಜನರ ಮನೆಗೆ ಸಾಲದು. ಫೋನಿಗೆ ಅಂಟಿಸುವ "ಸಿಗ್ನಲ್ ಹೆಚ್ಚಿಸುವ ಸ್ಟಿಕ್ಕರ್"ಗಳ ಬಗ್ಗೆ ಹೇಳುವುದು ಒಂದೇ ಮಾತು: ಆ ದುಡ್ಡಿಗೆ ಕರಕ್ ಚಹಾ ಕುಡಿಯಿರಿ.

ಪಾಸ್‌ವರ್ಡ್ ಬಗ್ಗೆಯೂ ಒಂದು ಮಾತು. ಸಂಪರ್ಕ ಯಾರ ಸಿಪಿಆರ್ ಮೇಲಿದೆಯೋ, ಏನಾದರೂ ಆದರೆ ಮೊದಲ ಪ್ರಶ್ನೆ ಬರುವುದು ಅವರಿಗೆ. ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಭದ್ರತೆ ಇಡಿ. ಮನೆ ಬಿಟ್ಟು ಹೋದವರ ಹತ್ತಿರ ಹಳೆಯ ಪಾಸ್‌ವರ್ಡ್ ಉಳಿಯದಂತೆ ಬದಲಾಯಿಸಿ. ಬಂದುಹೋಗುವ ನೆಂಟರಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ.

ಊರಿನ ಮನೆ ಮರೆಯಬೇಡಿ

ಇಲ್ಲಿ ಎಲ್ಲ ಸರಿಮಾಡಿದರೂ ಕರೆಯ ಇನ್ನೊಂದು ತುದಿ ಊರಿನಲ್ಲಿದೆ. 2020ರಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಈಗ ಹಳ್ಳಿಗಳಿಗೂ ಫೈಬರ್ ಬರುತ್ತಿದೆ. ಆದರೆ ಅದರ ಪೆಟ್ಟಿಗೆ ಕೂರುವುದು ಜಗಲಿಯಲ್ಲಿ, ಟಿವಿಯ ಹತ್ತಿರ. ಅಮ್ಮ ಇರುವುದು ಅಡುಗೆಮನೆಯಲ್ಲಿ. ನಡುವೆ ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆಗಳು. ಮಳೆಗಾಲದಲ್ಲಿ ಆ ಕಲ್ಲು ನೀರು ಕುಡಿದು ಇನ್ನಷ್ಟು ಸಿಗ್ನಲ್ ನುಂಗುತ್ತದೆ. ಮುಂದಿನ ರಜೆಯಲ್ಲಿ ಅರ್ಧ ದಿನ ಇದಕ್ಕಿಡಿ. ಒಂದು ಕೇಬಲ್ ಎಳೆದು ಊಟದ ಕೋಣೆಯಲ್ಲಿ ಆಕ್ಸೆಸ್ ಪಾಯಿಂಟ್ ಇಡಿ. ಕರೆಂಟ್ ಹೋದಾಗಲೂ ನಡೆಯಲು 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿ. ಗುಡುಗು ಶುರುವಾದರೆ ಪ್ಲಗ್ ತೆಗೆಯಲು ಅಪ್ಪನಿಗೆ ತೋರಿಸಿಕೊಡಿ. ಫೈಬರಿನ ಗಾಜಿನಲ್ಲಿ ಸಿಡಿಲಿನ ಕರೆಂಟ್ ಹರಿಯದಿದ್ದರೂ ಅಡಾಪ್ಟರಿನ ತಂತಿಯಲ್ಲಿ ಬರುತ್ತದೆ.

ಮನೆಯಲ್ಲಿ ಫೈಬರ್ ಇದ್ದು ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಹಿರಿಯರ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ಈ ಸೌಲಭ್ಯ ಶುರುಮಾಡಿದವು. ಮಾಮೂಲಿ ಫೋನ್ ಕರೆಯೇ ವೈಫೈ ಮೂಲಕ ಹೋಗುತ್ತದೆ. ರಾತ್ರಿ ವೈದ್ಯರಿಗೆ ಫೋನ್ ಮಾಡಲು ಅಂಗಳದ ತುದಿಗೆ ಓಡಬೇಕಿಲ್ಲ. ಇಲ್ಲಿಂದ ಮೊಬೈಲ್ ಸಿಗ್ನಲ್ ಬೂಸ್ಟರ್ ಖರೀದಿಸಿ ಊರಿಗೆ ಒಯ್ಯಬೇಡಿ. ಭಾರತದಲ್ಲಿ ಅನುಮತಿಯಿಲ್ಲದೆ ಅದನ್ನು ಇಡುವುದು ಅಪರಾಧ, ಅದು ಸುತ್ತಲಿನವರ ಸಿಗ್ನಲ್ಲನ್ನೂ ಕೆಡಿಸುತ್ತದೆ.

ಬಂಧುಗಳೇ, ಕೊನೆಯದಾಗಿ ಸಂಘಕ್ಕೆ ನನ್ನದೊಂದು ವಿನಂತಿ. ನಮ್ಮಲ್ಲಿ ಎಲೆಕ್ಟ್ರಿಷಿಯನ್‌ಗಳಿದ್ದಾರೆ, ನೆಟ್‌ವರ್ಕ್ ಕೆಲಸದವರಿದ್ದಾರೆ, ಕಂಪ್ಯೂಟರ್ ಓದಿದ ಮಕ್ಕಳಿದ್ದಾರೆ. ತಿಂಗಳಿಗೆ ಒಂದು ಶುಕ್ರವಾರ, ಎರಡು ಗಂಟೆ, ನಾಲ್ಕೈದು ಜನರ ಒಂದು ತಂಡ ಮಾಡೋಣ. ಒಂದು ಫೋನು, ಒಂದು ಉದ್ದದ ಕೇಬಲ್ಲು, ಕೈಯಲ್ಲಿ ಚೀಟಿ ಇದ್ದರೆ ಸಾಕು. ಕರೆದವರ ಮನೆಗೆ, ಕ್ಯಾಂಪಿಗೆ ಹೋಗಿ ಅಳೆದು, ರೂಟರಿನ ಜಾಗ ಬದಲಾಯಿಸಿ ಬರೋಣ. ನನ್ನ ಹೆಸರನ್ನು ಇವತ್ತೇ ಆ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳಿ. ಹೋದ ಮನೆಯಲ್ಲಿ ಹಾಲಿನಲ್ಲಿ ಕೂರದೆ, ನೇರ ಕೊನೆಯ ಕೋಣೆಗೆ ಹೋಗಿ, ಅಲ್ಲಿಯ ಮಂಚದಿಂದ ಅಳೆಯಲು ಶುರುಮಾಡೋಣ. ಅಲ್ಲಿ ಸರಿಯಾದರೆ ಮನೆಯೆಲ್ಲ ಸರಿಯಾದ ಹಾಗೆ.